ಅಜ್ಜನ ಕಾಲದ ಕೊಂಬು, ತಲೆ, ಚರ್ಮ: ಯಾವುದನ್ನು ಗೋಡೆಗೆ ಹಾಕಬೇಕು, ಹೇಗೆ ಹಾಕಬೇಕು

2010ರ ಆಟಿ ತಿಂಗಳ ಒಂದು ರಾತ್ರಿ ನಮ್ಮ ಚಾವಡಿಯಲ್ಲಿ ಧಡಾರನೆ ಸದ್ದಾಯಿತು. ಹೊರಗೆ ಜಡಿಮಳೆ. ಅಂಗಳದ ತೆಂಗು ಬಿತ್ತೇನೋ ಅಂದುಕೊಂಡು ಎದ್ದು ಬಂದೆ. ನೋಡಿದರೆ ಗೋಡೆಯಲ್ಲಿದ್ದ ಕಾಟಿಯ, ಅಂದರೆ ಕಾಡುಕೋಣದ, ತಲೆ ನೆಲದಲ್ಲಿ. ಅಜ್ಜ ಕೂರುತ್ತಿದ್ದ ಆರಾಮ ಕುರ್ಚಿಯ ಒಂದು ಕೈ ಮುರಿದಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಬೆಳಕಿನಲ್ಲಿ ನೋಡಿದಾಗ ಕಾರಣ ಗೊತ್ತಾಯಿತು. ಅರವತ್ತು ವರ್ಷದಿಂದ ಅಷ್ಟು ಭಾರ ಒಂದೇ ಒಂದು ಮೊಳೆಯ ಮೇಲೆ ನಿಂತಿತ್ತು. ಹಿಂದಿನ ಮುರಕಲ್ಲು (ಜಂಬಿಟ್ಟಿಗೆ) ನೀರು ಕುಡಿದು ಮೆತ್ತಗಾಗಿತ್ತು. ತಲೆಯ ಹಿಂಬದಿಯ ಹಲಗೆಗೆ ಗೆದ್ದಲು ಹಿಡಿದಿತ್ತು. ಕಿವಿ ಅಲುಗಿಸಿದರೆ ಕಾಫಿಪುಡಿಯಂಥ ಧೂಳು ಉದುರಿತು. ಅದರ ನಡುವೆ ರೋಮ ತುಂಬಿದ ಸಣ್ಣ ಸಣ್ಣ ಖಾಲಿ ಪೊರೆಗಳು. ಹುಳ ಕಳಚಿ ಬಿಟ್ಟ ಪೊರೆ ಅವು.

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಅಡೂರು ಕಡೆಯ ಹಳೆ ಮನೆಗಳಲ್ಲಿ ಇಂಥ ಸಾಮಾನು ಇನ್ನೂ ಸಾಕಷ್ಟಿದೆ. ಅಟ್ಟದಲ್ಲಿ, ಪತ್ತಾಯದ ಹಿಂದೆ, ಚಾವಡಿಯ ಗೋಡೆಯಲ್ಲಿ. ಮನೆ ಪಾಲಾಗುವಾಗ ಅಥವಾ ಹಂಚು ತೆಗೆದು ಸ್ಲ್ಯಾಬ್ ಹಾಕುವಾಗ "ಇದನ್ನೇನು ಮಾಡೋದು" ಅನ್ನುವ ಪ್ರಶ್ನೆ ಏಳುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇರುವುದನ್ನೆಲ್ಲ ತೂಗುಹಾಕಬೇಡಿ. ನಮ್ಮಲ್ಲಿ ಎಂಟು ಇದ್ದವು. ಈಗ ಗೋಡೆಯಲ್ಲಿರುವುದು ಮೂರು.

ಮೊದಲು ಕಾಗದ, ಆಮೇಲೆ ಮೊಳೆ

ಬೇಟೆಯ ನೆನಪಿಗೆ ಇಟ್ಟುಕೊಳ್ಳುವ ತಲೆ, ಕೊಂಬು, ಚರ್ಮಕ್ಕೆ ಟ್ರೋಫಿ ಅನ್ನುತ್ತಾರೆ. ಹೊಸ ಟ್ರೋಫಿ ಅನ್ನುವ ಮಾತೇ ನಮ್ಮ ದೇಶದಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಬಾಗಿಲು ಮುಚ್ಚುತ್ತಾ ಬಂತು. 1991ರ ತಿದ್ದುಪಡಿಯಲ್ಲಿ ಶೋಕಿಯ ಬೇಟೆ ಪೂರ್ತಿ ನಿಂತಿತು. ಹಾಗಾಗಿ ನಾವು ಮಾತಾಡುತ್ತಿರುವುದು ಹಿರಿಯರು ಬಿಟ್ಟುಹೋದ ಹಳೆಯ ಸಾಮಾನಿನ ಬಗ್ಗೆ ಮಾತ್ರ.

ಕಾಯ್ದೆಯಲ್ಲಿ ಟ್ರೋಫಿ ಅಂದರೆ ತುಂಬಿದ ತಲೆ (ಒಳಗೆ ಅಚ್ಚು ಇಟ್ಟು ಚರ್ಮ ಹೊದಿಸಿದ್ದು) ಒಂದೇ ಅಲ್ಲ. ಕೊಂಬು, ಎಲುಬು, ಚರ್ಮ, ಉಗುರು, ಹಲ್ಲು, ದಂತ, ರೋಮ, ಗರಿ ಎಲ್ಲವೂ ಸೇರುತ್ತವೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪೆಂಡೆಂಟ್ ಹಾಕಿಕೊಂಡವರ ಮೇಲೆ ಕೇಸುಗಳಾದವಲ್ಲ, ಅದಕ್ಕೆ ಕಾರಣ ಇದೇ. ಮೊದಲ ಷೆಡ್ಯೂಲಿನ ಪ್ರಾಣಿಯದಾದರೆ ಶಿಕ್ಷೆ 3ರಿಂದ 7 ವರ್ಷ. ಹುಲಿ, ಚಿರತೆ, ಆನೆ, ಕಾಟಿ ಎಲ್ಲ ಆ ಪಟ್ಟಿಯವು.

ಹಳೆಯದನ್ನು ಇಟ್ಟುಕೊಳ್ಳಲು ಮಾಲಿಕತ್ವದ ಪ್ರಮಾಣಪತ್ರ ಬೇಕು. ಎಲ್ಲರೂ ಓನರ್‌ಶಿಪ್ ಸರ್ಟಿಫಿಕೇಟ್ ಅನ್ನುತ್ತಾರೆ. ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್. ಕಾಯ್ದೆ ಬಂದ ಹೊಸದರಲ್ಲಿ ಘೋಷಣೆ ಕೊಟ್ಟು ಇದನ್ನು ಮಾಡಿಸಿಕೊಳ್ಳಬೇಕಿತ್ತು. ತಪ್ಪಿಸಿಕೊಂಡವರಿಗೆ 2003ರ ಏಪ್ರಿಲ್‌ನಲ್ಲಿ ಇನ್ನೊಂದು ಸಲ 180 ದಿನದ ಅವಕಾಶ ಸಿಕ್ಕಿತು. ಪ್ರಮಾಣಪತ್ರ ಇದ್ದವರು ತೀರಿಕೊಂಡರೆ ವಾರಸುದಾರರು 90 ದಿನದೊಳಗೆ ವಾರ್ಡನ್‌ಗೆ ಘೋಷಣೆ ಕೊಡಬೇಕು. ತುಂಬಾ ಮನೆಗಳಲ್ಲಿ ತಪ್ಪುವುದು ಇಲ್ಲೇ. ಬೊಜ್ಜದ (ಉತ್ತರಕ್ರಿಯೆಯ) ಗಡಿಬಿಡಿಯಲ್ಲಿ ಕಾಟಿಯ ತಲೆಯ ನೆನಪು ಯಾರಿಗಿರುತ್ತದೆ? ನಮ್ಮ ಅಜ್ಜ 2008ರಲ್ಲಿ ಹೋದರು. ವಕೀಲರಾಗಿದ್ದ ಮಾವ ಹದಿಮೂರನೇ ದಿನವೇ ಅಪ್ಪನಿಗೆ ಇದನ್ನು ನೆನಪಿಸಿದರು. ಆಗ ಅಪ್ಪನಿಗೆ ಸಿಟ್ಟು ಬಂದಿತ್ತು. ಆಮೇಲೆ ಮಾವನಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೋ ಲೆಕ್ಕವಿಲ್ಲ.

ಕಾಗದ ಹುಡುಕುವಾಗ ಕಾಸರಗೋಡಿನವರು ಒಂದು ವಿಷಯ ನೆನಪಿಡಬೇಕು. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸಿನ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯವರು. ಅಜ್ಜನ ಕೋವಿಯ ಲೈಸೆನ್ಸ್ ಮಂಗಳೂರಿನ ಕಲೆಕ್ಟರ್ ಕಚೇರಿಯದ್ದು. ಆಮೇಲಿನ ಕಾಗದಗಳು ಕಣ್ಣೂರು ಜಿಲ್ಲೆಯವು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಒಂದೇ ಕಾಟಿಗೆ ಮೂರು ಜಿಲ್ಲೆಯ ಮೊಹರು! ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಕೋವಿ ಲೈಸೆನ್ಸ್, ಶಿಕಾರಿಯ ಪರ್ಮಿಟ್, ಹದ ಮಾಡಿದ ಅಂಗಡಿಯ ಬಿಲ್ಲು, ಹಳೇ ಫೋಟೋ, ಏನಿದ್ದರೂ ಸರಿ. ಅರ್ಜಿ ಕನ್ನಡದಲ್ಲಿ ಬರೆದರೂ ಜೊತೆಗೆ ಮಲಯಾಳ ಅಥವಾ ಇಂಗ್ಲಿಷ್ ಪ್ರತಿ ಇಡಿ. ಕಡತ ಕೊನೆಗೆ ಹೋಗುವುದು ತಿರುವನಂತಪುರಕ್ಕೆ. ಅಲ್ಲಿ ಕನ್ನಡ ಓದುವವರನ್ನು ಹುಡುಕುವುದರಲ್ಲೇ ಒಂದು ಮಳೆಗಾಲ ಕಳೆದೀತು.

ಪ್ರಮಾಣಪತ್ರದಲ್ಲಿ ಬರೆದದ್ದಕ್ಕೂ ಮನೆಯಲ್ಲಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ಒಂದೊಂದಾಗಿ ನೋಡಿ. ನಮ್ಮಲ್ಲಿ ಒಂದು ಜೊತೆ ಕಡವೆ ಕೊಂಬು ಜಾಸ್ತಿ ಇತ್ತು. ಎಲ್ಲಿಂದ ಬಂತು? ತೋಟದ ಕೆಲಸದವರೊಬ್ಬರು ಕಾಡಂಚಿನಲ್ಲಿ ಬಿದ್ದದ್ದನ್ನು ಹೆಕ್ಕಿ ತಂದು ಅಜ್ಜನಿಗೆ ಕೊಟ್ಟಿದ್ದರಂತೆ. ಕಡವೆ ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದೆ, ಯಾರೂ ಕೊಂದದ್ದಲ್ಲ, ಆದರೂ ಅದು ಸರ್ಕಾರದ ಸೊತ್ತು. ಹಾಗಾಗಿ ಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ ಅರಣ್ಯ ಕಚೇರಿಗೆ ಒಪ್ಪಿಸಿದೆವು. ನಿಮ್ಮಲ್ಲೂ ಕಾಗದ ಇಲ್ಲದ್ದು ಇದ್ದರೆ ಸುಟ್ಟುಹಾಕುವುದು, ಬಾವಿಗೆ ಎಸೆಯುವುದು, ನೆಂಟರ ಮನೆಗೆ ದಾಟಿಸುವುದು ಬೇಡ. ವಕೀಲರನ್ನು ಕಂಡು, ಅವರ ಮೂಲಕವೇ ಇಲಾಖೆಗೆ ತಿಳಿಸಿ.

ಕಾಡುಹಂದಿಯ ವಿಷಯ ಕೇಳುವವರೂ ಇದ್ದಾರೆ. ಬೆಳೆ ಹಾಳುಮಾಡುವ ಹಂದಿಗೆ ಗುಂಡು ಹಾಕಿಸುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತುಗಳಿಗೆ ಕೊಟ್ಟಿದೆ. ಆದರೆ ಹೆಣವನ್ನು ಹೂಳಬೇಕು. ಕೋರೆಹಲ್ಲು ಕಿತ್ತು ಶೋಕೇಸಿನಲ್ಲಿಡುವ ಆಸೆ ಇದ್ದರೆ ಈಗಲೇ ಬಿಡಿ.

ಬಿಳಿ ಬಟ್ಟೆಯ ಮೇಲೆ ಒಂದು ವಾರ

ಕಾಗದ ಸರಿಯಿದ್ದವನ್ನು ಮಾತ್ರ ಕೆಳಗಿಳಿಸಿ. ಕೈಹಾಕುವ ಮೊದಲು ರಬ್ಬರ್ ಗ್ಲೌಸ್, ಎನ್-95 ಮಾಸ್ಕ್ ಹಾಕಿಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ. ಆ ಕಾಲದಲ್ಲಿ ಹುಳ ಬಾರದಂತೆ ಚರ್ಮದ ಒಳಮೈಗೆ ಪಾಷಾಣದ ಸಾಬೂನು ಸವರುವುದು ರೂಢಿ. ಪಾಷಾಣ ಅಂದರೆ ಆರ್ಸೆನಿಕ್. ಎಷ್ಟು ವರ್ಷವಾದರೂ ಅದರ ವಿಷ ಹೋಗುವುದಿಲ್ಲ. ಚರ್ಮ ಒಣಗಿ ಬಿರಿದಾಗ ಧೂಳಿನ ಜೊತೆ ಹೊರಗೆ ಬರುತ್ತದೆ. ನಾವು ಚಿಕ್ಕಂದಿನಲ್ಲಿ ಕಾಟಿಯ ಮೂಗಿಗೆ ಮುತ್ತುಕೊಟ್ಟು ಆಡುತ್ತಿದ್ದೆವು. ಈಗ ನೆನೆದರೆ ಮೈ ಜುಂ ಅನ್ನುತ್ತದೆ. ಮಕ್ಕಳನ್ನು ದೂರ ಇಡಿ. ಕೆಲಸ ಮುಗಿದ ಮೇಲೆ ಕೈ ಮತ್ತು ಬಟ್ಟೆ ಬೇರೆಯಾಗಿ ತೊಳೆಯಿರಿ.

ಒಂದು ಹಳೆಯ ಬಿಳಿ ಪಂಚೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ಇಡಿ. ಹೆಸರು ಬರೆದ ಚೀಟಿ ಪಕ್ಕದಲ್ಲಿರಲಿ. ಒಂದು ವಾರ ಮುಟ್ಟಬೇಡಿ. ಆಮೇಲೆ ಮೆಲ್ಲಗೆ ಎತ್ತಿ ಕೆಳಗೆ ನೋಡಿ. ಕಂದು ಪುಡಿ, ಉದುರಿದ ರೋಮ, ಪೊರೆ ಕಂಡರೆ ಹುಳ ಇನ್ನೂ ಕೆಲಸದಲ್ಲಿದೆ ಅಂತ ಲೆಕ್ಕ. ಚರ್ಮ ತಿನ್ನುವ ಆ ಹುಳ ಅಕ್ಕಿಕಾಳಿಗಿಂತ ದೊಡ್ಡದಲ್ಲ, ಮೈತುಂಬ ರೋಮ. ಬಟ್ಟೆ ಏನೂ ಇಲ್ಲದೆ ಬೆಳ್ಳಗಿದ್ದರೆ ಆ ತುಂಡು ಗೋಡೆಗೆ ಹೋಗಬಹುದು.

ಹುಳ ಇದ್ದ ಸಣ್ಣ ತುಂಡನ್ನು ಫ್ರೀಜರಿನಲ್ಲಿ ಇಟ್ಟು ಉಳಿಸಿಕೊಳ್ಳಬಹುದು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬಾರದು. ಬಿಚ್ಚಿದರೆ ಚರ್ಮದ ಮೇಲೆಯೇ ನೀರು ಹನಿಯುತ್ತದೆ. ಮನೆಯ ಫ್ರಿಜ್ಜಿಗೆ ಮಾತ್ರ ಹಾಕಬೇಡಿ, ಪಾಷಾಣದ ನೆನಪಿರಲಿ. ನಾವು ಐಸ್‌ಕ್ರೀಂ ಅಂಗಡಿಯವರು ಮಾರಿದ ಹಳೆಯ ಫ್ರೀಜರ್ ತಂದಿದ್ದೆವು. ಕಾಟಿಯ ತಲೆ ಅದರಲ್ಲಿ ಹಿಡಿಸಲಿಲ್ಲ ಅನ್ನುವುದು ಬೇರೆ ಮಾತು.

ಆರಿಸುವುದು

ಇಲ್ಲಿ ಸ್ವಲ್ಪ ಪ್ರಾಣಿಶಾಸ್ತ್ರ ಬೇಕು. ನಾವು ಎಲ್ಲದಕ್ಕೂ ಕೊಂಬು ಅನ್ನುತ್ತೇವೆ. ಆದರೆ ಎರಡು ಜಾತಿ ಇದೆ. ಕಡವೆ, ಚುಕ್ಕೆ ಜಿಂಕೆ, ಕಾಡುಕುರಿಯ (ಹೆಸರು ಕುರಿ, ಆದರೆ ಅದು ಬೊಗಳುವ ಜಿಂಕೆ) ಕೊಂಬು ಗಟ್ಟಿ ಎಲುಬು. ಕಾಟಿಯ ಕೊಂಬು ಹಾಗಲ್ಲ. ಒಳಗೆ ಎಲುಬಿನ ದಿಂಡು, ಮೇಲೆ ನಮ್ಮ ಉಗುರಿನಂಥದೇ ಪದಾರ್ಥದ ಚಿಪ್ಪು. ಉಗುರು, ರೋಮ, ಚರ್ಮ ತಿನ್ನುವ ಹುಳಕ್ಕೆ ಈ ಚಿಪ್ಪೂ ಊಟ. ಎಲುಬಿನ ಕೊಂಬು ಅದಕ್ಕೆ ಬೇಡ. ಆದ್ದರಿಂದ ನಮ್ಮ ಕರಾವಳಿಯ ಹವೆಗೆ ಎಲ್ಲಕ್ಕಿಂತ ಚೆನ್ನಾಗಿ ಬಾಳುವುದು ಕಡವೆ, ಕಾಡುಕುರಿಯ ಕೊಂಬು. ಆಮೇಲೆ ಬರೀ ತಲೆಬುರುಡೆ. ತುಂಬಿದ ತಲೆ ಅದಕ್ಕೂ ಕಷ್ಟ. ಹಾಸುವ ಚರ್ಮ ಕೊನೆಯದು.

ಇಷ್ಟು ತಿಳಿದ ಮೇಲೂ ನಾನು ಕಾಟಿಯ ತಲೆಯನ್ನು ಉಳಿಸಿಕೊಂಡೆ. ಕಾರಣ ಅದರ ಕಥೆ. ಯಾವ ವರ್ಷ, ಯಾವ ಕಾಡು, ಯಾರ ತೋಟಕ್ಕೆ ನುಗ್ಗಿದ್ದು, ಜೊತೆಗೆ ಯಾರಿದ್ದರು ಎಲ್ಲ ಗೊತ್ತಿತ್ತು. ಬಿದ್ದದ್ದರಲ್ಲಿ ಒಂದು ಕಿವಿ ಹರಿದಿತ್ತು ಅಷ್ಟೆ. ಮೂರು ಜೊತೆ ಕಡವೆ ಕೊಂಬಿನಲ್ಲಿ ಒಂದು ಜೊತೆಗೆ ಮಾತ್ರ ಹಾಗೆ ಕಥೆ ಇತ್ತು. ಇನ್ನೊಂದಕ್ಕೆ ಕಾಗದ ಇತ್ತು, ಕಥೆ ಇರಲಿಲ್ಲ. ಅದನ್ನು ಒಳಗಿಟ್ಟೆವು. ಮೂರನೆಯದು ಆಗಲೇ ಹೇಳಿದ, ಕಾಡಂಚಿನಲ್ಲಿ ಹೆಕ್ಕಿದ್ದು. ಕಾಡುಕುರಿಯದು ಎರಡು ಇದ್ದವು, ಒಂದರ ಬುರುಡೆ ಒಡೆದಿತ್ತು, ಸರಿ ಇದ್ದದ್ದನ್ನು ಇಟ್ಟೆವು.

ಹಂದಿಯ ಕೋರೆಹಲ್ಲಿನ ಜೊತೆ ನೋಡಲು ಚಂದ ಇತ್ತು. ಅಜ್ಜಿ ಒಪ್ಪಲಿಲ್ಲ. ಮನೆಯಲ್ಲಿ ಹಂದಿ ರೂಪದ ದೈವ ಪಂಜುರ್ಲಿಗೆ ಕೋಲ ಕೊಡುತ್ತೇವೆ, ಅದೇ ಮನೆಯ ಗೋಡೆಯಲ್ಲಿ ಹಂದಿಯ ಹಲ್ಲೇ, ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಇಂಥ ಮಾತು ನಿಮ್ಮ ಮನೆಯಲ್ಲೂ ಬಂದೀತು. ಮದುವೆಯಾಗಿ ಬಂದ ಸೊಸೆಗೆ ಗಾಜಿನ ಕಣ್ಣು ಕಂಡರೆ ರಾತ್ರಿ ನಿದ್ದೆ ಬಾರದಿರಬಹುದು. ಮನೆಯ ಗೋಡೆ ಎಲ್ಲರದು, ಒಬ್ಬರಿಗೆ ಹಿಡಿಸದಿದ್ದರೂ ಒಳಗಿಡುವುದು ಒಳ್ಳೆಯದು.

ಹಲಗೆಯ ಹಿಂಬದಿಯನ್ನು ಟಾರ್ಚ್ ಹಾಕಿ ನೋಡಲು ಮರೆಯಬೇಡಿ. ಮೈಸೂರಿನ ವ್ಯಾನ್ ಇಂಗೆನ್ ಅಂಗಡಿಯ ಚೀಟಿ ಇದ್ದರೂ ಇರಬಹುದು. 1900ರಲ್ಲಿ ಶುರುವಾಗಿ 1999ರವರೆಗೆ ನಡೆದ ಈ ಕಾರ್ಖಾನೆ ಹುಲಿ, ಚಿರತೆಗಳನ್ನು ತುಂಬುವುದರಲ್ಲಿ ಲೋಕಪ್ರಸಿದ್ಧ. ಕಾಗದ ಮತ್ತು ಅಂಟಿನಿಂದ ಒಳಗಿನ ಅಚ್ಚು ಮಾಡುತ್ತಿದ್ದರು. ಆ ಚೀಟಿ ಇದ್ದರೆ ಅದು ಬೇಟೆಯ ನೆನಪು ಮಾತ್ರವಲ್ಲ, ಒಂದು ಕಸುಬಿನ ದಾಖಲೆ ಕೂಡ. ಚೀಟಿ ಕೀಳಬೇಡಿ, ಅಂಟಿಸಲೂ ಹೋಗಬೇಡಿ.

ಶುಚಿ

ಮೆತ್ತನೆಯ ಬಣ್ಣದ ಬ್ರಷ್ ಸಾಕು. ರೋಮ ಹೋಗುವ ದಿಕ್ಕಿಗೇ ಗುಡಿಸಿ, ಮೇಲಿನಿಂದ ಕೆಳಗೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಬ್ರಷ್ಷಿನ ಪಕ್ಕದಲ್ಲಿ ಹಿಡಿಯಿರಿ. ಧೂಳು ಹಾರುವುದಿಲ್ಲ. ಗಾಜಿನ ಕಣ್ಣಿಗೆ ಒದ್ದೆ ಹತ್ತಿ. ಕೊಂಬಿಗೆ ಹಿಂಡಿದ ಬಟ್ಟೆ, ಕೂಡಲೇ ಒಣಬಟ್ಟೆ.

ಕೊಂಬಿಗೆ ತೆಂಗಿನೆಣ್ಣೆ ಹಚ್ಚುವ ಚಾಳಿ ನಮ್ಮ ಕಡೆ ಎಲ್ಲರಿಗೂ ಇದೆ. ಎರಡು ದಿನ ಥಳಥಳ ಅನ್ನುತ್ತದೆ. ಆಮೇಲೆ ಧೂಳು ಅಂಟಿ, ಮಳೆ ಹಿಡಿದಾಗ ಬೂಸ್ಟು ಹಿಡಿಯುತ್ತದೆ. ಬಿಸಿಲಿಗೆ ಒಣಹಾಕುವುದೂ ಬೇಡ. ಚರ್ಮ ಸೆಳೆದು ತುಟಿ, ಕಣ್ಣಂಚಿನಲ್ಲಿ ಬಿರಿಯುತ್ತದೆ. ನುಸಿಗುಳಿಗೆಯನ್ನು ರೋಮದ ನಡುವೆ ತುರುಕಬೇಡಿ.

ರಿಪೇರಿಯ ವಿಷಯದಲ್ಲಿ ನನ್ನ ಗಾಯ ಇನ್ನೂ ಆರಿಲ್ಲ. ಬಿದ್ದ ಕಾಟಿಯ ಕಿವಿ ಜೋಡಿಸಿಕೊಡುತ್ತೇನೆಂದು ಬಂದವರೊಬ್ಬರು ಎಂ-ಸೀಲ್ ಮೆತ್ತಿದರು. ಅಲ್ಲಿಗೆ ನಿಲ್ಲಿಸದೆ ಮೂಗಿಗೆ ಗೇಟಿಗೆ ಹಚ್ಚುವ ಕಪ್ಪು ಎನಾಮೆಲ್ ಬಳಿದರು. ಕಾಟಿ ಈಗಲೂ ಶೀತ ಆದಂತೆ ಮೂಗು ಹೊಳೆಯಿಸಿಕೊಂಡು ನಿಂತಿದೆ. ತುಂಬುವ ಕಸುಬಿಗೆ ಕಾಯ್ದೆ ಪ್ರಕಾರ ಪರವಾನಗಿ ಬೇಕು, ಅಂಥವರು ಈಗ ಬೆರಳೆಣಿಕೆಯಷ್ಟೇ. ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಒಂದು ಕೇಂದ್ರ ಇದೆ. ಸಿಕ್ಕಿದವರ ಕೈಗೆ ಕೊಡುವುದಕ್ಕಿಂತ ಹರಿದ ಕಿವಿಯನ್ನು ಹರಿದಂತೆಯೇ ಬಿಡುವುದು ವಾಸಿ.

ಗೋಡೆ

ಮಳೆಗಾಲದಲ್ಲಿ ನಮ್ಮ ಹೊರಗೋಡೆಗಳೆಲ್ಲ ಬೆವರುತ್ತವೆ. ಹಾಗಾಗಿ ಹೊರಗೋಡೆ ಬೇಡ, ಎರಡು ಕೋಣೆಗಳ ನಡುವಿನ ಗೋಡೆ ಆರಿಸಿ. ಪಡುವಣ ಬಿಸಿಲು ಬೀಳುವ ಜಾಗ ಬೇಡ, ರೋಮದ ಬಣ್ಣ ಹೋಗುತ್ತದೆ. ಅಡಿಗೆಯ ಒಲೆ, ಬಚ್ಚಲ ಒಲೆಯ ಹೊಗೆ ಬರುವ ದಾರಿಯೂ ಬೇಡ. ದೇವರ ಕೋಣೆಯ ಎದುರು ಹಾಕಬಾರದೆಂದು ಬೇರೆ ಹೇಳಬೇಕಿಲ್ಲ, ಅಲ್ವಾ.

ಭಾರದ ತಲೆಯನ್ನು ಒಂದು ಮೊಳೆಗೆ ಯಾವತ್ತೂ ನೇತುಹಾಕಬೇಡಿ. ನಮ್ಮ ಆಚಾರಿ ಮಾಡಿಕೊಟ್ಟ ಉಪಾಯ ಹೇಳುತ್ತೇನೆ. ಒಂದಡಿ ಅಗಲ, ಎರಡೂವರೆ ಅಡಿ ಉದ್ದದ ಹಲಸಿನ ಹಲಗೆ. ಅದನ್ನು ನಾಲ್ಕು ಮೂಲೆಯಲ್ಲಿ ಉದ್ದ ಆಂಕರ್ ಬೋಲ್ಟಿನಿಂದ ಗೋಡೆಗೆ ಬಿಗಿದರು. ತೂತು ಕಲ್ಲಿನ ನಡುಮೈಗೇ ಬೀಳಬೇಕು, ಎರಡು ಕಲ್ಲಿನ ಸಂದಿಗೆ ಬಿದ್ದರೆ ಬೋಲ್ಟ್ ಹಿಡಿಯುವುದಿಲ್ಲ. ಆಮೇಲೆ ಒಂದು ಮರದ ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ ಸೀಳಿದರು. ಕೆಳಗಿನ ತುಂಡು ಗೋಡೆಯ ಹಲಗೆಗೆ, ಓರೆ ಒಳಮುಖವಾಗಿ. ಮೇಲಿನದು ಕಾಟಿಯ ಹಿಂಬದಿಗೆ, ತಲೆಕೆಳಗಾಗಿ. ಇಬ್ಬರು ಎತ್ತಿ ಕೂರಿಸಿದರೆ ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ಸ್ವಚ್ಛ ಮಾಡಲು ತೆಗೆಯುವುದೂ ಸುಲಭ. ಗೋಡೆಗೂ ಟ್ರೋಫಿಗೂ ನಡುವೆ ಒಂದಿಂಚು ಸಂದಿ ತಾನಾಗಿ ಸಿಗುತ್ತದೆ. ಅಲ್ಲಿ ಗಾಳಿಯಾಡಿದರೆ ಬೂಸ್ಟು ಕಡಿಮೆ. ಹಲಗೆಗೆ ಮೊದಲೇ ಗೆದ್ದಲಿನ ಔಷಧ ಹಚ್ಚಿ ಒಣಗಿಸಿಕೊಳ್ಳಿ.

ತುಂಬಿದ ತಲೆಯ ಗದ್ದ ನೆಲದಿಂದ ಆರೂವರೆ ಅಡಿಗಿಂತ ಮೇಲಿರಲಿ. ನಡೆಯುವವರ ತಲೆಗೆ ತಾಗಬಾರದು. ತೀರಾ ಮೇಲೆ ಹಾಕಿದರೆ ಗಂಟಲು ಮಾತ್ರ ಕಾಣುತ್ತದೆ. ಕಡವೆಯ ಕೊಂಬಿನ ಅಡಿಯಲ್ಲಿ ಆಸನ ಇಡಬೇಡಿ. ಒಂದು ಗೋಡೆಗೆ ಒಂದು ದೊಡ್ಡದು ಸಾಕು. ಸಾಲಾಗಿ ಹತ್ತು ತಲೆ ಹಾಕಿದ ಚಾವಡಿ ನೋಡಿದ್ದೇನೆ, ರೈಲ್ವೆ ವೇಟಿಂಗ್ ರೂಮಿನಲ್ಲಿ ಕೂತಂತಿತ್ತು.

ಗಾಜಿನ ಪೆಟ್ಟಿಗೆ ಮಾಡಿಸುವವರಿದ್ದಾರೆ. ಧೂಳು, ಹಲ್ಲಿಗೆ ಅದು ಒಳ್ಳೆಯದು. ಆದರೆ ಜೂನ್‌ನಲ್ಲಿ ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ. ಸಿಲಿಕಾ ಜೆಲ್ ಇಟ್ಟು, ಅದನ್ನು ಆಗಾಗ ಒಣಗಿಸುವ ತಾಳ್ಮೆ ಇದ್ದರೆ ಮಾತ್ರ ಮಾಡಿಸಿ. ಬೆಳಕಿಗೆ ಸಣ್ಣ ಎಲ್‌ಇಡಿ ಸಾಕು, ಬಿಸಿಯಾಗುವ ಬಲ್ಬು ಬೇಡ.

ಪಕ್ಕದಲ್ಲಿ ಒಂದು ಚೀಟಿ ಬರೆದು ಹಾಕಿ. ಪ್ರಾಣಿ, ಊರು, ವರ್ಷ, ಪ್ರಮಾಣಪತ್ರದ ನಂಬರು. ಅಳತೆ ಬರೆಯುವಾಗ ಹುಷಾರು. ಹಿಂದಿನವರು ಹುಲಿ ಅಳೆಯಲು ಎರಡು ಕ್ರಮ ಇಟ್ಟಿದ್ದರು. ಮೂಗಿನ ತುದಿ, ಬಾಲದ ತುದಿಗೆ ಗೂಟ ಹೊಡೆದು ನೇರ ಅಳೆಯುವುದು ಒಂದು. ಬೆನ್ನಿನ ಏರಿಳಿತದ ಮೇಲೆ ಟೇಪು ಎಳೆಯುವುದು ಇನ್ನೊಂದು. ಎರಡನೆಯದರಲ್ಲಿ ಹುಲಿ ಕೆಲವು ಇಂಚು ಬೆಳೆಯುತ್ತದೆ. ಅಜ್ಜಂದಿರ ಹುಲಿಗಳೆಲ್ಲ ಅಷ್ಟು ಉದ್ದ ಯಾಕಿದ್ದವು ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ತೂಗುಹಾಕದವುಗಳ ಗತಿ

ಕೊಂಬುಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಪಾಟಿನಲ್ಲಿ ಇಡಬಹುದು. ಚರ್ಮವನ್ನು ಮಡಚಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ದಪ್ಪ ಕೊಳವೆಗೆ ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ರೋಮ ಹೊರಗೆ ಬರುವಂತೆ ಸುರುಳಿ ಮಾಡಿ.

ಮಂಗಳೂರಿನ ಫ್ಲ್ಯಾಟಿಗೋ ಬೆಂಗಳೂರಿನ ಮನೆಗೋ ಒಂದನ್ನು ಒಯ್ಯುವ ಆಸೆ ತಮ್ಮಂದಿರಿಗೆ ಬರುತ್ತದೆ. ನಮಗೆ ರಾಜ್ಯದ ಗಡಿಯ ತಲಪಾಡಿ ದಾಟುವುದು ಪೇಟೆಗೆ ಹೋದಂತೆ. ಕಾಯ್ದೆಗೆ ಅದು ಬೇರೆ ರಾಜ್ಯ. ಸಾಗಿಸಲು ಅನುಮತಿ ಬೇಕು. ಹೋದ ಮೇಲೆ 30 ದಿನದೊಳಗೆ ಅಲ್ಲಿಯ ವಾರ್ಡನ್‌ಗೆ ತಿಳಿಸಬೇಕು. ಮಾರುವ ಮಾತು ಎತ್ತಲೇಬೇಡಿ.

ಚಿರತೆಯ ಚರ್ಮವೊಂದು ಉಳಿದಿತ್ತು. ಅಲ್ಲಲ್ಲಿ ರೋಮ ಉದುರಿ ಬೋಳಾಗಿತ್ತು. ಮುಂದೆ ಅದರ ಕಾಗದ ನೋಡಿಕೊಳ್ಳುವವರು ಯಾರು? ನನ್ನ ಮಗಳು "ನನಗೆ ಬೇಡ" ಅಂದಳು. 2022ರ ತಿದ್ದುಪಡಿಯ ಪ್ರಕಾರ, ಪ್ರಮಾಣಪತ್ರ ಇದ್ದವರಿಗೆ ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಏಳು ಕೆಲಸದ ದಿನದ ನೋಟಿಸು ಕೊಟ್ಟು ವಾರ್ಡನ್‌ಗೆ ಒಪ್ಪಿಸಬಹುದು. ಪರಿಹಾರ ಏನೂ ಸಿಗುವುದಿಲ್ಲ, ಪ್ರಮಾಣಪತ್ರ ರದ್ದಾಗುತ್ತದೆ. ಹಾಗೆಯೇ ಮಾಡಿದೆವು. ಕೊಡುವ ಮೊದಲು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಸಿದೆವು. ಚರ್ಮ ಇದ್ದ ಜಾಗದಲ್ಲಿ ಈಗ ಆ ಫೋಟೋ ಇದೆ, ಪಕ್ಕದಲ್ಲಿ ಅಜ್ಜ ಕೋವಿ ಹಿಡಿದು ನಿಂತ ಹಳೆಯ ಪಟ. ಒಪ್ಪಿಸಿದ ರಸೀದಿ ಫೈಲಿನಲ್ಲಿದೆ. ರಸೀದಿ ಇಲ್ಲದೆ ಏನನ್ನೂ ಕೊಡಬೇಡಿ.

ಇನ್ನು ಉಳಿದದ್ದು ತಿಂಗಳಿಗೊಮ್ಮೆಯ ಕೆಲಸ. ಕಾಟಿಯ ತಲೆಯ ನೇರ ಕೆಳಗೆ ನೆಲದಲ್ಲಿ ಒಂದು ಬಿಳಿ ಕಾಗದ ಹಾಸಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಕಳೆದ ವಾರ ಹಲ್ಲಿಯ ಹಿಕ್ಕೆ ಎರಡು ಇತ್ತು, ಬೇರೇನೂ ಇರಲಿಲ್ಲ.